ನಾಲ್ಕು ಅಂಗುಲದ ಮಾತು

ಸಯಾಮಿನ ದೊರೆಯೊಬ್ಬನ ಕಥೆಯಿದೆ. ಹಾಲೆಂಡಿನಿಂದ ಬಂದ ರಾಯಭಾರಿ ತನ್ನ ನಾಡಿನ ವಿಶೇಷಗಳನ್ನೆಲ್ಲ ಅವನಿಗೆ ವರ್ಣಿಸುತ್ತಿದ್ದನಂತೆ. ಮಾತಿನ ನಡುವೆ, ನಮ್ಮಲ್ಲಿ ಚಳಿಗಾಲ ಬಂದರೆ ನೀರು ಕಲ್ಲಿನಂತೆ ಗಟ್ಟಿಯಾಗುತ್ತದೆ, ಜನ ಅದರ ಮೇಲೆ ನಡೆದಾಡುತ್ತಾರೆ, ಆನೆ ಇದ್ದಿದ್ದರೆ ಅದೂ ನಡೆಯುತ್ತಿತ್ತು ಎಂದ. ಅಲ್ಲಿಯವರೆಗೂ ಹೇಳಿದ್ದನ್ನೆಲ್ಲ ನಂಬಿಕೊಂಡು ಬಂದಿದ್ದ ದೊರೆಗೆ ಆಗ ತಾಳ್ಮೆ ತಪ್ಪಿತು. ಈತ ಸುಳ್ಳುಗಾರನೆಂಬುದು ಅವನಿಗೆ ಖಚಿತವಾಗಿಹೋಯಿತು. ಜಾನ್ ಲಾಕ್ ಎಂಬ ಇಂಗ್ಲಿಷ್ ತತ್ವಜ್ಞ 1689ರಲ್ಲಿ ಪ್ರಕಟವಾದ ತನ್ನ ದೊಡ್ಡ ಗ್ರಂಥದಲ್ಲಿ ಈ ಕಥೆ ಹೇಳಿದ್ದಾನೆ. ಮುಂದಿನ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇಂಥದೇ ಇನ್ನೊಂದನ್ನು ಹೇಳಿದ. ಅವನ ಕಥೆಯಲ್ಲಿ ನೀರು ಹೆಪ್ಪುಗಟ್ಟುತ್ತದೆಂದರೆ ನಂಬದವನು ಭಾರತದ ಒಬ್ಬ ರಾಜಕುಮಾರ. ಹ್ಯೂಮ್ ಅವನನ್ನು ಗೇಲಿ ಮಾಡುವುದಿಲ್ಲ. ತಾನು ಕಂಡ ಲೋಕದ ಆಧಾರದ ಮೇಲೆ ಅವನು ಸರಿಯಾಗಿಯೇ ತರ್ಕಿಸಿದ, ಅಂಥವನನ್ನು ಒಪ್ಪಿಸಲು ಬಲವಾದ ಸಾಕ್ಷ್ಯವೇ ಬೇಕಾಗುತ್ತದೆ ಎನ್ನುತ್ತಾನೆ.

ಲಾಹೋರಿನಲ್ಲಿದ್ದ ಅಕ್ಬರನ ಅಡುಗೆಮನೆಗೆ ಬೆಟ್ಟಗಳಿಂದ ಮಂಜುಗಡ್ಡೆ ಬರುತ್ತಿತ್ತೆಂದು ಅಬುಲ್ ಫಜಲ್ ಬರೆದಿಟ್ಟಿದ್ದಾನೆ. ಹ್ಯೂಮ್ ತನ್ನ ರಾಜಕುಮಾರನನ್ನು ಭಾರತದ ಯಾವ ಮೂಲೆಯಿಂದ ಕರೆತಂದನೋ! ಇರಲಿ, ನಮ್ಮ ಕಡೆಯವನೇ ಎಂದಿಟ್ಟುಕೊಳ್ಳೋಣ. ಸಾಗರ, ಸೊರಬ, ಹೊಸನಗರದ ಕೆರೆಗಳ ದಂಡೆಯಲ್ಲಿ ಬೆಳೆದವರಿಗೆ ಆ ರಾಜಕುಮಾರನ ಅನುಮಾನ ಅರ್ಥವಾಗುತ್ತದೆ. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಆದ್ದರಿಂದ ಹಗುರವಾಗಿ ಮೇಲೆ ತೇಲುತ್ತದೆ, ಅಡಿಯಲ್ಲಿ ನಾಲ್ಕು ಡಿಗ್ರಿಯ ನೀರಿನಲ್ಲಿ ಮೀನುಗಳು ಬದುಕಿರುತ್ತವೆ ಎಂಬುದನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೇನೆ. ವಿಜ್ಞಾನದ ಮೇಷ್ಟ್ರು ರಜೆ ಹಾಕಿದಾಗ ಅವರ ಪೀರಿಯಡ್ಡು ಸಮಾಜ ವಿಜ್ಞಾನದವರ ತಲೆಗೇ ಬರುವುದು ತಾನೆ? ನಾನೂ ಕಂಡವಳಲ್ಲ, ಮಕ್ಕಳೂ ಕಂಡವರಲ್ಲ. ನಾನು ಪುಸ್ತಕವನ್ನು ನಂಬಿದೆ, ಅವರು ನನ್ನನ್ನು ನಂಬಿದರು. ನಮ್ಮ ವಿದ್ಯೆಯ ಬಹುಪಾಲು ಹೀಗೆ ಒಬ್ಬರ ಮಾತಿನ ಮೇಲೆ ಒಬ್ಬರು ನಿಂತುಕೊಂಡೇ ಬಂದದ್ದು.

ಮಗಳ ಬಾಣಂತನಕ್ಕೆಂದು ಅಮೆರಿಕದ ಮಿನಿಯಾಪೊಲಿಸ್‌ಗೆ ಹೋದ ವರ್ಷ, ಜನವರಿಯಲ್ಲಿ ಅಳಿಯನ ತಾಯಿ ಬಂದಿಳಿದ ಮೇಲೆ ನನಗೆ ಎರಡು ದಿನ ಬಿಡುವು ಸಿಕ್ಕಿತು. ಮೈಸೂರಿನಲ್ಲಿ ಬಿ.ಎ. ಓದುವಾಗ ಒಂದೇ ಹಾಸ್ಟೆಲಿನಲ್ಲಿದ್ದ ಗೆಳತಿಯೊಬ್ಬಳು ಅದೇ ಊರಿನಲ್ಲಿ ನೆಲೆಸಿದ್ದಾಳೆ. ಅವಳೂ ಅವಳ ಯಜಮಾನರೂ ಉತ್ತರದ ಕಾಡಿನಲ್ಲಿ, ವರ್ಮಿಲಿಯನ್ ಎಂಬ ಸರೋವರದ ದಂಡೆಯಲ್ಲಿ ಒಂದು ಸಣ್ಣ ಮರದ ಮನೆ ಕೊಂಡಿದ್ದರು. ಶನಿವಾರ ಭಾನುವಾರ ಅಲ್ಲಿಗೆ ಹೋಗೋಣವೆಂದು ಕರೆದಳು. ಶಿಕಾಗೋದಲ್ಲಿ ಮಗನ ಮನೆಗೆ ಬಂದಿದ್ದ ದಾವಣಗೆರೆಯ ಗೆಳತಿಯೂ, ನ್ಯೂಜೆರ್ಸಿಯಲ್ಲಿ ಇರುವ ಇನ್ನೊಬ್ಬಳೂ ಬಂದು ಸೇರಿಕೊಂಡರು. ಮೂವತ್ತು ವರ್ಷದ ಮೇಲೆ ನಾಲ್ವರೂ ಒಂದೆಡೆ! ಕಾರಿನಲ್ಲಿ ನಾಲ್ಕು ಗಂಟೆ ನಾವು ಆಡಿದ ಮಾತನ್ನು ಕೇಳಿಸಿಕೊಂಡು ಸುಮ್ಮನೆ ಗಾಡಿ ನಡೆಸಿದ ಆ ಮಹಾನುಭಾವರ ಸಹನೆಯನ್ನು ಮೆಚ್ಚಲೇಬೇಕು.

ಮಿನ್ನೆಸೋಟ ರಾಜ್ಯದ ವಾಹನಗಳ ನಂಬರ್ ಪ್ಲೇಟಿನ ಮೇಲೆ ಹತ್ತು ಸಾವಿರ ಸರೋವರಗಳೆಂದು ಬರೆದಿರುತ್ತದೆ. ಹತ್ತು ಎಕರೆಗೆ ಮೀರಿದವನ್ನು ಮಾತ್ರ ಎಣಿಸಿದರೂ 11,842 ಇವೆಯಂತೆ. ಜಂಬ ಕೊಚ್ಚಿಕೊಳ್ಳುವಾಗಲೂ ಕಡಿಮೆ ಹೇಳುವ ಜನ ಇವರೊಬ್ಬರೇ ಇರಬೇಕು. ನಮ್ಮ ಕೆರೆಗಳನ್ನು ಯಾರೋ ಪುಣ್ಯಾತ್ಮರು ಏರಿ ಹಾಕಿ, ತೂಬು ಇಟ್ಟು ಕಟ್ಟಿಸಿದ್ದು. ಅವರವು ಸಾವಿರಾರು ವರ್ಷಗಳ ಹಿಂದೆ ಹಿಮನದಿಗಳು ಉತ್ತು ಬಿಟ್ಟುಹೋದ ಹೊಂಡಗಳು. ವರ್ಮಿಲಿಯನ್ ಎಂದರೆ ಸಿಂಧೂರ. ಸಂಜೆಯ ಕೆಂಪನ್ನು ಕಂಡು ಅಲ್ಲಿನ ಮೂಲನಿವಾಸಿ ಓಜಿಬ್ವೆ ಜನ ಇಟ್ಟ ಹೆಸರನ್ನು ಫ್ರೆಂಚರು ತಮ್ಮ ಭಾಷೆಗೆ ತಿರುಗಿಸಿಕೊಂಡರಂತೆ. ನಾವು ಹೋದಾಗ ಸಿಂಧೂರವೂ ಇಲ್ಲ, ನೀರೂ ಇಲ್ಲ. ಕಣ್ಣು ಹಾಯಿಸಿದಷ್ಟು ದೂರ ಬಿಳಿಯ ಬಯಲು, ಅದರಾಚೆ ಪೈನ್ ಮರಗಳ ಕಪ್ಪು ಗೆರೆ. ಹತ್ತಿರದ ಟವರ್ ಎಂಬ ಹಳ್ಳಿಯಲ್ಲಿ 1996ರ ಫೆಬ್ರವರಿ 2ರಂದು ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತಂತೆ. ನಮ್ಮ ಪಾಲಿಗೆ ಬಂದದ್ದು ಮೈನಸ್ 24. ಅಷ್ಟಕ್ಕೇ ಮೂಗಿನ ಒಳಗಿನ ಕೂದಲು ಗರಿಗಟ್ಟಿತು.

ರಾತ್ರಿ ಹುಳಿಯನ್ನ, ಸಂಡಿಗೆ, ಹಳೆಯ ವಾರ್ಡನ್ನಿನ ಅಣಕ. ಮಲಗಿದ ಮೇಲೆ ಹೊರಗೆ ಗುಡುಗಿದಂತಾಯಿತು. ಸ್ವಲ್ಪ ಹೊತ್ತಿಗೆ ಉದ್ದನೆಯ ತಂತಿಯನ್ನು ಮೀಟಿದಂಥ ಇನ್ನೊಂದು ಸದ್ದು, ದೂರದಿಂದ ದೂರಕ್ಕೆ ಓಡಿಹೋಯಿತು. ಚಳಿ ಏರಿಳಿದಾಗ ಗಡ್ಡೆ ಕುಗ್ಗಿ ಹಿಗ್ಗಿ ಬಿರುಕು ಬಿಡುವ ಸದ್ದು ಅದು, ಹೆದರಬೇಡಿ ಎಂದಳು ಗೆಳತಿ. ದಾವಣಗೆರೆಯವಳು ಎದ್ದು ಕೂತಿದ್ದಳು.

ಮಂಜುಗಡ್ಡೆಯ ಮೇಲೆ ನಡೆಯುವುದಕ್ಕೆ ಆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಒಂದು ಪಟ್ಟಿ ಮಾಡಿದೆ. ಹೊಸದಾದ ತಿಳಿಗಡ್ಡೆ 4 ಅಂಗುಲ ದಪ್ಪವಿದ್ದರೆ ಮನುಷ್ಯ ನಡೆಯಬಹುದು. 5ರಿಂದ 7 ಅಂಗುಲಕ್ಕೆ ಹಿಮದ ಮೇಲೆ ಓಡಿಸುವ ಮೋಟಾರು ಬಂಡಿ, 9-10 ಅಂಗುಲಕ್ಕೆ ಸಣ್ಣ ಕಾರು. ಹಿಮ ಬೆರೆತು ಬೆಳ್ಳಗಾದ ಗಡ್ಡೆಯಾದರೆ ಇದರ ಎರಡರಷ್ಟು ದಪ್ಪ ಬೇಕು. ಇಷ್ಟೆಲ್ಲ ಹೇಳಿ, ಯಾವ ಮಂಜುಗಡ್ಡೆಯೂ ನೂರಕ್ಕೆ ನೂರು ಕ್ಷೇಮವಲ್ಲವೆಂದೂ ಅದೇ ಇಲಾಖೆ ಎಚ್ಚರಿಸುತ್ತದೆ. ಒಳಗೆ ಸೆಳೆತವಿರುವಲ್ಲಿ, ಹೊಳೆ ಬಂದು ಸೇರುವಲ್ಲಿ, ಎರಡು ದ್ವೀಪಗಳ ನಡುವೆ ನೀರು ಇಕ್ಕಟ್ಟಾದಲ್ಲಿ ಗಡ್ಡೆ ತೆಳುವಾಗಿರುತ್ತದೆ. ಮೇಲೆ ಹಿಮ ಹೊದ್ದಿದ್ದರೆ ಆ ಹೊದಿಕೆ ಚಳಿಯನ್ನು ತಡೆಯುವುದರಿಂದ ಗಡ್ಡೆ ನಿಧಾನವಾಗಿ ಬೆಳೆಯುತ್ತದೆ, ತೆಳುವಾದ ಜಾಗ ಕಣ್ಣಿಗೂ ಕಾಣುವುದಿಲ್ಲ.

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಎಲ್ಲರೂ ಸರೋವರಕ್ಕೆ ಇಳಿದೆವು. ಯಜಮಾನರು ಮುಂದೆ, ನಾವು ಹಿಂದೆ. ನಾನು ಯೋಚಿಸಲಿಲ್ಲ. ಗೆಳತಿ ಕರೆದಳು, ಹೋದೆ, ಅಷ್ಟೆ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ದಾವಣಗೆರೆಯವಳು ದಡದಲ್ಲೇ ನಿಂತಿದ್ದಾಳೆ. ಬಾರೇ ಎಂದೆವು, ಬರಲಿಲ್ಲ. ನ್ಯೂಜೆರ್ಸಿಯವಳು ಕುಣಿದು ತೋರಿಸಿದಳು. ಆಗಲೂ ಬರಲಿಲ್ಲ. ನಕ್ಕೆವು, ಛೇಡಿಸಿದೆವು. ಕಡೆಗೆ ಯಜಮಾನರೇ ದಡದ ತನಕ ವಾಪಸು ಹೋಗಿ ಕೈ ನೀಡಿದರು.

"ಹನ್ನೆರಡು ಚಳಿಗಾಲ ಇದರ ಮೇಲೆ ಓಡಾಡಿದ್ದೀವಿ. ನಮ್ಮ ಮಕ್ಕಳು ಇಲ್ಲೇ ಆಡಿ ಬೆಳೆದದ್ದು. ನಮ್ಮ ಮೇಲೆ ಅಷ್ಟೂ ನಂಬಿಕೆ ಇಲ್ವೇನ್ರೀ?"

"ನಮ್ಮ ಭಾವನೋರೂ ಇದೇ ಮಾತು ಕೇಳಿದ್ರು," ಎಂದಳು ಅವಳು. ಒರಟಾಗಿ ಹೇಳಲಿಲ್ಲ. ಆದರೆ ಆ ಮಾತು ಬಿದ್ದ ಮೇಲೆ ಯಾರೂ ನಗಲಿಲ್ಲ.

ನಮಗೆಲ್ಲ ವಿಷಯ ಗೊತ್ತಿತ್ತು. ಅವಳ ಗಂಡನ ಅಣ್ಣ ವ್ಯಾಪಾರಕ್ಕೆಂದು ಒಂದು ಸಹಕಾರಿ ಸಂಘದಲ್ಲಿ ಸಾಲ ತೆಗೆದಾಗ ಜಾಮೀನಿಗೆ ಇವಳ ಸಹಿ ಬೇಕಾಗಿತ್ತು. ಸರಕಾರಿ ನೌಕರಿಯ ಸಂಬಳ ಇದ್ದದ್ದು ಮನೆಯಲ್ಲಿ ಇವಳೊಬ್ಬಳಿಗೇ. ಕಾಗದ ಪತ್ರ ನೋಡುತ್ತೇನೆ ಎಂದದ್ದಕ್ಕೆ ಅವರು ಕೇಳಿದ್ದು ಈ ಪ್ರಶ್ನೆಯನ್ನೇ. ಇವಳು ಸಹಿ ಹಾಕಿದಳು. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ವ್ಯಾಪಾರ ಮುಳುಗಿದ ಮೇಲೆ ಆರು ವರ್ಷ ಇವಳ ಸಂಬಳದಿಂದ ಕಂತು ಮುರಿದುಕೊಂಡರು. ಮಗಳ ಮದುವೆಗೆಂದು ಇಟ್ಟಿದ್ದ ಸೈಟು ಹೋಯಿತು. ಭಾವ ಮೋಸಗಾರನೇ? ಅಲ್ಲ ಎಂದು ಅವಳೇ ಹೇಳುತ್ತಾಳೆ. ಲಾಭ ಬಂದೇ ಬರುತ್ತದೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರಂತೆ. ಸುಳ್ಳು ಹೇಳದವನ ಮಾತನ್ನು ನಂಬಿಯೂ ಹಾಳಾಗಬಹುದು ಎಂಬುದನ್ನು ಅವಳು ಕಲಿತದ್ದು ಹಾಗೆ.

ಆ ಪ್ರಶ್ನೆಯನ್ನೇ ಸ್ವಲ್ಪ ನೋಡಿ. ನನ್ನ ಮೇಲೆ ನಂಬಿಕೆ ಇಲ್ಲವೇ? ಕೇಳುವವರು ಪ್ರಶ್ನೆ ಕೇಳುತ್ತಿರುವಂತೆ ತೋರುತ್ತದೆ, ಆದರೆ ಅದಕ್ಕೆ ಇಲ್ಲವೆಂಬ ಉತ್ತರವನ್ನು ಯಾರೂ ಬಿಟ್ಟಿರುವುದಿಲ್ಲ. ಮಾತು ಇದ್ದದ್ದು ಮಂಜುಗಡ್ಡೆಯ ದಪ್ಪದ ಬಗ್ಗೆ, ಸಾಲದ ಕಂತಿನ ಬಗ್ಗೆ. ಈ ವಾಕ್ಯ ಬಂದ ಕೂಡಲೆ ಅದು ಹೇಳಿದವರ ಗೌರವದ ಪ್ರಶ್ನೆಯಾಗಿಬಿಡುತ್ತದೆ. ಕಾಗದ ಓದಬೇಕೆಂದರೆ ಭಾವನಿಗೆ ಅವಮಾನ, ಗಡ್ಡೆ ಅಳೆಯಬೇಕೆಂದರೆ ಮನೆಯೊಡೆಯರಿಗೆ ಅವಮಾನ. ನಮ್ಮ ಹೆಣ್ಣುಮಕ್ಕಳು ಈ ಪ್ರಶ್ನೆಯನ್ನು ಎಷ್ಟು ಬಾಯಿಂದ ಕೇಳುತ್ತಾರೆ! ಹತ್ತನೆಯ ತರಗತಿಯ ಹುಡುಗಿಯರು ಶಾಲೆ ಬಿಡುವಾಗ ಅದರ ಹಿಂದಿರುವ ಕಥೆ ವಿಚಾರಿಸಿದರೆ ಇದೇ ವಾಕ್ಯ ಎಲ್ಲೋ ಒಂದು ಕಡೆ ಸಿಗುತ್ತದೆ. ಅಪ್ಪ ಹೇಳಿರುತ್ತಾನೆ, ಸೋದರಮಾವ ಹೇಳಿರುತ್ತಾನೆ, ಬೈಕಿನಲ್ಲಿ ಬಂದ ಹುಡುಗ ಹೇಳಿರುತ್ತಾನೆ.

ಆದರೆ ನಂಬದೆ ಬದುಕಲಿಕ್ಕೆ ಬರುತ್ತದೆಯೇ? ಪ್ರತ್ಯಕ್ಷವೊಂದೇ ಪ್ರಮಾಣ ಎಂದರು ಚಾರ್ವಾಕರು. ಕೇಳಲಿಕ್ಕೆ ಧೀರವಾಗಿದೆ. ನಮ್ಮ ಅಪ್ಪ ಅಮ್ಮ ಯಾರೆಂಬುದನ್ನೂ ನಾವು ಇನ್ನೊಬ್ಬರ ಮಾತಿನಿಂದಲೇ ತಿಳಿದದ್ದಲ್ಲವೇ? ಬಸ್ಸಿನ ಬ್ರೇಕು, ಮಾತ್ರೆಯ ಚೀಟಿ, ಹೋಟೆಲಿನ ಸಾಂಬಾರು, ಯಾವುದನ್ನು ಪರೀಕ್ಷಿಸಿ ಒಪ್ಪಿಕೊಂಡಿದ್ದೇವೆ? ದಡದಲ್ಲಿ ನಿಂತ ಆ ಗೆಳತಿಯೂ ಅರ್ಧ ಭೂಮಂಡಲವನ್ನು ವಿಮಾನದಲ್ಲಿ ಹಾರಿ ಬಂದವಳು. ಪೈಲಟ್ಟಿನ ಮುಖವನ್ನೂ ನೋಡಿರಲಿಲ್ಲ. ನಡೆದುಹೋದ ನಾನು ಮತ್ತು ನಿಂತುಬಿಟ್ಟ ಅವಳು, ಇಬ್ಬರ ಕೈಲಿದ್ದ ಪುರಾವೆ ಒಂದೇ. ನಾನು ಅವಳಿಗಿಂತ ಹೆಚ್ಚು ತಿಳಿದು ನಡೆದದ್ದಲ್ಲ. ನನ್ನ ಸಂಬಳದಿಂದ ಯಾರೂ ಆರು ವರ್ಷ ಕಂತು ಮುರಿದಿರಲಿಲ್ಲ, ವ್ಯತ್ಯಾಸ ಅಷ್ಟೇ ಇದ್ದೀತು.

ಮಧ್ಯಾಹ್ನ ಪಕ್ಕದ ಮನೆಯ ಮುದುಕರೊಬ್ಬರು ಬಂದರು. ಎಪ್ಪತ್ತು ದಾಟಿದ ವಯಸ್ಸು. ಅವರ ಹಿರಿಯರು ಫಿನ್ಲೆಂಡಿನಿಂದ ಕಬ್ಬಿಣದ ಗಣಿಗೆ ದುಡಿಯಲು ಬಂದವರು. ಅಲ್ಲೇ ಸಮೀಪದ ಸೂಡಾನ್ ಗಣಿ 1884ರಲ್ಲಿ ಮೊದಲ ಅದಿರು ಹೊರಗೆ ಕಳಿಸಿ, 1962ರಲ್ಲಿ ಮುಚ್ಚಿತು. ಸುಮಾರು 2,300 ಅಡಿ ಆಳಕ್ಕೆ ಕೇಜಿನಲ್ಲಿ ಇಳಿಯಬೇಕಿತ್ತಂತೆ. ನಮ್ಮ ಕೋಲಾರದ ಗಣಿಯವರು ಇದರ ನಾಲ್ಕರಷ್ಟು ಇಳಿಯುತ್ತಿದ್ದರು ಎಂದು ನಾನು ಬಿಟ್ಟುಕೊಡದೆ ಹೇಳಿದೆ. ಮೇಲೆ ಹಗ್ಗದ ಯಂತ್ರ ನಡೆಸುವವನ ಕೈಮೇಲೆ ಕೆಳಗಿನವರ ಪ್ರಾಣ, ಎರಡೂ ಕಡೆ. ಮುದುಕರು ಅಲ್ಲಿಂದ ನೂರು ಗಜ ಒಳಗೆ, ಗಡ್ಡೆಯ ಮೇಲೆ, ಪೆಟ್ಟಿಗೆಯಂಥ ಒಂದು ಗುಡಿಸಲಿಟ್ಟು ತೂತು ಕೊರೆದು ಮೀನು ಹಿಡಿಯುತ್ತಿದ್ದರು. ಕೈಯಲ್ಲಿ ಒಂದು ಹಾರೆ, ಥೇಟ್ ನಮ್ಮ ತೋಟದ ಹಾರೆ. ಒಂದೊಂದು ಹೆಜ್ಜೆಗೂ ಅದರಿಂದ ಮುಂದಿನ ಗಡ್ಡೆಯನ್ನು ಕುಟ್ಟಿ ನೋಡಿ ನಡೆಯುತ್ತಾರೆ.

ದಾವಣಗೆರೆಯವಳು ಕಾಫಿ ಕೊಡುತ್ತಾ ಅವರನ್ನು ಕೇಳಿದಳು. ಅವಳ ಇಂಗ್ಲಿಷು ಅವರಿಗೆ, ಅವರ ಇಂಗ್ಲಿಷು ಅವಳಿಗೆ ಪೂರ್ತಿ ತಿಳಿಯದು. ನಾವು ನಡುವೆ ನಿಂತು ತಿಳಿಸಿದೆವು. ಗಡ್ಡೆ ಕ್ಷೇಮವೇ? ಗಡ್ಡೆ ಎಂದೂ ಕ್ಷೇಮವಲ್ಲ ಎಂದರು. ಮತ್ತೆ ನೀವು ಹೋಗುತ್ತೀರಲ್ಲ? ಬೆಳಿಗ್ಗೆ ಬೈರಿಗೆಯಿಂದ ಮೂರು ಕಡೆ ಕೊರೆದು ಅಳೆದಿದ್ದೇನೆ, ಗುಡಿಸಲಿನ ಹತ್ತಿರ 16 ಅಂಗುಲ ಇದೆ, ದಡದಿಂದ ಅಲ್ಲಿಯವರೆಗಿನ ದಾರಿ ಗೊತ್ತು. ಅದರಾಚೆ? ಆ ಎರಡು ದ್ವೀಪಗಳ ನಡುವೆ ನೀರು ಹರಿಯುತ್ತದೆ, ಅಲ್ಲಿಗೆ ನಾನು ಯಾವ ವರ್ಷವೂ ಹೋಗುವುದಿಲ್ಲ. ಬಲಗಡೆ? ಬಲಗಡೆಯದು ಈ ವರ್ಷ ನೋಡಿಲ್ಲ, ಗೊತ್ತಿಲ್ಲ.

ಅವಳು ಅವರ ಕೊರಳನ್ನೇ ನೋಡುತ್ತಿದ್ದಳು. ಹಗ್ಗದ ತುದಿಗಳಿಗೆ ಮರದ ಹಿಡಿಯುಳ್ಳ ಎರಡು ಚೂಪು ಮೊಳೆಗಳು ನೇತಾಡುತ್ತಿದ್ದವು. ಗಡ್ಡೆ ಒಡೆದು ನೀರಿಗೆ ಬಿದ್ದರೆ ಎರಡೂ ಕೈಯಲ್ಲಿ ಒಂದೊಂದು ಹಿಡಿದು ಅಂಚಿಗೆ ಚುಚ್ಚಿ ಮೇಲೆ ಬರಲಿಕ್ಕಂತೆ. ನಲವತ್ತು ಚಳಿಗಾಲ ನಡೆದ ಮೇಲೂ ಅವನ್ನು ಹಾಕಿಕೊಳ್ಳದೆ ಅವರು ಮನೆಯಿಂದ ಹೊರಡುವುದಿಲ್ಲ. ಅವಳು ಲೋಟ ಕೆಳಗಿಟ್ಟು, ಮಗನ ದೊಡ್ಡ ಬೂಟು ಹಾಕಿಕೊಂಡು, ಮುದುಕರ ಹಿಂದೆ ಅವರ ಹೆಜ್ಜೆಯ ಗುರುತಿನಲ್ಲೇ ಹೆಜ್ಜೆಯಿಡುತ್ತಾ ಗುಡಿಸಲಿನವರೆಗೆ ಹೋದಳು. ಅರ್ಧ ಗಂಟೆ ತೂತಿನ ಪಕ್ಕದಲ್ಲಿ ಕೂತಿದ್ದು ಬಂದಳು. ಲಿಂಗಾಯತರ ಮನೆಯ ಹೆಂಗಸು, ಮೀನನ್ನು ಮಾತ್ರ ಬೇಡವೆಂದಳು.

ಶಬ್ದವನ್ನು, ಎಂದರೆ ಇನ್ನೊಬ್ಬರ ಮಾತನ್ನು, ಸ್ವತಂತ್ರ ಪ್ರಮಾಣವೆಂದು ಒಪ್ಪಿದವರು ನಮ್ಮ ನೈಯಾಯಿಕರು. ಬೌದ್ಧ ತಾರ್ಕಿಕನಾದ ದಿಙ್ನಾಗ ಒಪ್ಪಲಿಲ್ಲ, ಅದು ಅನುಮಾನದಲ್ಲೇ ಅಡಗುತ್ತದೆಂದ. ನೈಯಾಯಿಕರೂ ಎಲ್ಲರ ಮಾತನ್ನು ಒಪ್ಪಿದವರಲ್ಲ, ಆಪ್ತನ ಮಾತು ಮಾತ್ರ ಎಂದರು. ಆಪ್ತ ಎಂದ ಕೂಡಲೆ ನಮಗೆ ಆಪ್ತರಾದವರು, ಬೇಕಾದವರು, ಮದುವೆಯ ಕಾಗದದಲ್ಲಿ ಹೆಸರು ಹಾಕಿಸಿಕೊಳ್ಳುವ ಬಂಧುಗಳು ನೆನಪಾಗುತ್ತಾರೆ. ಕನ್ನಡದಲ್ಲಿ ಆ ಶಬ್ದ ಹಾಗೆ ಸಲಿಗೆಯ ಕಡೆಗೆ ವಾಲಿದೆ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಹೇಳುವ ಆಪ್ತನೇ ಬೇರೆ. ವಿಷಯವನ್ನು ತಾನೇ ನೇರವಾಗಿ ಅರಿತಿರಬೇಕು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಹೇಳುತ್ತಿರಬೇಕು. ನೆಂಟಸ್ತಿಕೆ, ಪ್ರೀತಿ, ಹಿರಿತನ ಯಾವುದೂ ಇದರಲ್ಲಿ ಇಲ್ಲ. ಈ ಲಕ್ಷಣ ಋಷಿಗೆ, ಆರ್ಯನಿಗೆ, ಮ್ಲೇಚ್ಛನಿಗೆ ಒಂದೇ ಎಂದೂ ಅವನು ಹೇಳುತ್ತಾನೆ. ಸಾವಿರದೈನೂರು ವರ್ಷಗಳ ಹಿಂದಿನ ಒಬ್ಬ ಪಂಡಿತ ಬಾಯಿಬಿಟ್ಟು ಹಾಗೆ ಬರೆದದ್ದನ್ನು ಓದಿದಾಗ ನನಗೆ ಬಹಳ ಸಂತೋಷವಾಗಿತ್ತು. ವರ್ಮಿಲಿಯನ್ ದಂಡೆಯ ಮೀನುಗಾರ ಅವನ ಲೆಕ್ಕದಲ್ಲಿ ಆಪ್ತ. ದಾವಣಗೆರೆಯ ಭಾವ ಅಲ್ಲ. ಹಿತ ಬಯಸಿದ್ದರೂ ಅಲ್ಲ, ಏಕೆಂದರೆ ಮುಂದೆ ಬರುವ ಲಾಭವನ್ನು ಅವರು ಎಲ್ಲಿಯೂ ಕಂಡಿರಲಿಲ್ಲ.

ಹಾಗಾದರೆ ಮನೆಯೊಡೆಯರು? ಅವರು ಹೇಳಿದ್ದು ಸುಳ್ಳಲ್ಲ, ಅವರಿಗೂ ಅನುಭವವಿತ್ತು. ಮುದುಕರು ಗುರುತಿಸಿದ ದಾರಿಯಲ್ಲೇ ಅವರೂ ನಮ್ಮನ್ನು ನಡೆಸಿದ್ದು. ಆದರೆ ಅವರು ಎಲ್ಲಿಗೆ ಹೋಗಬಾರದೆಂದು ಹೇಳಲಿಲ್ಲ. ತಮಗೆ ಯಾವುದು ತಿಳಿಯದೆಂದು ಹೇಳಲಿಲ್ಲ. ಸ್ನೇಹದಲ್ಲಿ ಅದನ್ನೆಲ್ಲ ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಅತಿಥಿಗೆ ಬಡಿಸುವಾಗ ಉಪ್ಪು ಹೆಚ್ಚಾಗಿರಬಹುದು ಎಂದು ಯಾರು ಹೇಳಿ ಬಡಿಸುತ್ತಾರೆ?

ನಂಬಿಕೆಯ ಮಾತು ಬಂದರೆ ಕನ್ನಡದ ಮಕ್ಕಳಿಗೆಲ್ಲ ಗೋವಿನ ಹಾಡು ನೆನಪಾಗುತ್ತದೆ. ಪುಣ್ಯಕೋಟಿಯ ಸತ್ಯವನ್ನು ನಾವು ಎಷ್ಟು ಹೊಗಳಿದ್ದೇವೆಂದರೆ ಹುಲಿಯ ಬಗ್ಗೆ ಯೋಚಿಸುವುದೇ ಇಲ್ಲ. ಹಿಂದೊಮ್ಮೆ ಆರನೆಯ ತರಗತಿಯ ಹುಡುಗನೊಬ್ಬ, ಹುಲಿ ಯಾಕೆ ಟೀಚರ್ ಬಿಟ್ಟಿತು, ಅದು ದಡ್ಡನಾ ಎಂದು ಕೇಳಿದ್ದ. ಹುಲಿ ದಡ್ಡನೇನಲ್ಲ. ಹಸು ಬರದೆ ಹೋಗಿದ್ದರೆ ಅದು ಕಳೆದುಕೊಳ್ಳುತ್ತಿದ್ದುದು ಒಂದು ಹೊತ್ತಿನ ಊಟ. ಮಾತು ಉಳಿಸಿಕೊಂಡರೆ ಹಸು ಕಳೆದುಕೊಳ್ಳಬೇಕಾಗಿದ್ದುದು ಪ್ರಾಣ. ಬಲವಿದ್ದವನಿಗೆ ನಂಬುವುದು ಅಗ್ಗ. ಹುಲಿಯಂತೆ ನಂಬುವುದಕ್ಕೆ ನಾನೂ ತಯಾರು. ದಾವಣಗೆರೆಯ ಗೆಳತಿಯನ್ನು ಕೇಳಿದ್ದು ಹಸುವಿನ ಜಾಗದಲ್ಲಿ ನಿಂತು ಹುಲಿಯ ಮಾತನ್ನು ನಂಬು ಎಂದು. ಆ ಪದ್ಯ ಹಾಗೆ ಯಾರನ್ನೂ ಕೇಳುವುದಿಲ್ಲ. ಹಸು ಕೂಡ ಕರುವನ್ನು ಬಿಟ್ಟು ಬರುವಾಗ ಅದನ್ನು ನೋಡಿಕೊಳ್ಳಿರೆಂದು ಉಳಿದ ಹಸುಗಳಿಗೆ ಒಪ್ಪಿಸಿಯೇ ಬಂದದ್ದು. ಬರುತ್ತೇನೆಂಬ ಮಾತು ಕೊಟ್ಟದ್ದು ಹುಲಿಗಾದರೂ ಕರುವಿನ ವಿಷಯದಲ್ಲಿ ಅದು ಹುಲಿಯನ್ನು ನಂಬಲಿಲ್ಲ.

ಆ ಸರೋವರದ ಚರಿತ್ರೆಯಲ್ಲೂ ಇಂಥದ್ದು ಇದೆ. 1865ರಲ್ಲಿ ವರ್ಮಿಲಿಯನ್ ದಂಡೆಯಲ್ಲಿ ಚಿನ್ನವಿದೆಯೆಂಬ ಸುದ್ದಿ ಹಬ್ಬಿ ಜನ ಮುಗಿಬಿದ್ದರು. ಮರುವರ್ಷ, 1866ರ ಏಪ್ರಿಲ್‌ನಲ್ಲಿ, ಅಲ್ಲಿನ ಓಜಿಬ್ವೆ ಜನರಿಂದ ವಾಷಿಂಗ್ಟನ್ನಿನಲ್ಲಿ ಒಪ್ಪಂದಕ್ಕೆ ಗುರುತು ಹಾಕಿಸಿಕೊಂಡು ಸರೋವರದ ಸುತ್ತಲಿನ ನೆಲವನ್ನು ಸರಕಾರ ಪಡೆದುಕೊಂಡಿತು. ತೆಗೆದು ಲಾಭವಾಗುವಷ್ಟು ಚಿನ್ನ ಅಲ್ಲಿ ಸಿಗಲೇ ಇಲ್ಲ. ಆಮೇಲೆ ಸಿಕ್ಕಿದ್ದು ಕಬ್ಬಿಣ. 1881ರಲ್ಲಿ ಆ ಜನಕ್ಕೆ ಅವರದೇ ಸರೋವರದ ದಂಡೆಯಲ್ಲಿ ಒಂದು ಸಣ್ಣ ತುಂಡು ನೆಲವನ್ನು ಮೀಸಲು ಬಿಟ್ಟರು. ಗುರುತು ಹಾಕಿದವರು ಆ ಕಾಗದದ ಭಾಷೆಯನ್ನು ಓದಬಲ್ಲವರಾಗಿರಲಿಲ್ಲ. ಜಾಮೀನಿನ ಸಹಿಗೂ ಇದಕ್ಕೂ ಅಂತರ ಬಹಳವಿದೆ, ಒಪ್ಪುತ್ತೇನೆ. ಆದರೂ ಕಾಗದವನ್ನು ಓದಗೊಡದೆ ನಂಬಿಕೆಯನ್ನು ಕೇಳುವವರು ಎಲ್ಲ ಕಾಲಕ್ಕೂ ಬೇಗ ಗುರುತು ಸಿಗುವಂತಿದ್ದಾರೆ.

ಇಷ್ಟೆಲ್ಲ ಹೇಳಿ ಮನೆಯೊಡೆಯರಿಗೆ ಅನ್ಯಾಯ ಮಾಡಬಾರದು. ಅಂದು ಸಂಜೆ ಫಿನ್ನರ ಪದ್ಧತಿಯ ಸೌನಾ ಕೋಣೆಗೆ ಸೌದೆ ಒಟ್ಟಿ ಬಿಸಿ ಮಾಡಿಕೊಟ್ಟವರು ಅವರೇ. ಚಪಾತಿ ಒತ್ತಿದವರೂ ಅವರೇ. ಆದರೆ ದಾವಣಗೆರೆಯವಳ ಜೊತೆ ಅವರ ಮಾತು ಬಹುವಚನದ ಗಾಂಭೀರ್ಯಕ್ಕೆ ಏರಿತ್ತು. "ಕಾಫಿ ತಗೊಳ್ಳಿ", "ಶಾಲು ಬೇಕಾ", ಅಷ್ಟೆ. ರಾತ್ರಿ ಪಾತ್ರೆ ತೊಳೆಯುವಾಗ ಗೆಳತಿ ನನ್ನ ಹತ್ತಿರ ಅಂದಳು: "ಬೇಜಾರಾಗಿರೋದು ನಿಜ ಕಣೇ. ಇವರು ಹೇಳಿದ್ದೂ ಅದೇ, ಆ ಮುದುಕ ಹೇಳಿದ್ದೂ ಅದೇ. ಗುರುತಿಲ್ಲದೋನ ಮಾತಿಗೆ ಎದ್ದು ಹೋದಳಲ್ಲ!"

ಅವರ ನೋವು ಸಣ್ಣದಲ್ಲ. ಸ್ನೇಹಿತರ ಮಾತನ್ನು ಅಪರಿಚಿತರ ಮಾತಿನಂತೆಯೇ ತೂಗಿ ನೋಡುವುದಾದರೆ ಸ್ನೇಹಕ್ಕೆ ಉಳಿಯುವುದೇನು? ಒಬ್ಬರ ಮನೆಗೆ ಹೋಗಿ, ಅವರ ಅನ್ನ ಉಂಡು, ಅವರ ಹೊದಿಕೆ ಹೊದ್ದು, ಅವರ ಮಾತಿಗೆ ಮಾತ್ರ ಪುರಾವೆ ಕೇಳುವುದು ಸರಿಯೇ? ನಾನು ಇದನ್ನು ಬಹಳ ಯೋಚಿಸಿದ್ದೇನೆ. ನನಗನ್ನಿಸುವುದು, ಸ್ನೇಹಕ್ಕೆ ನಂಬಿಕೆಯ ಸಾಲ ಸಿಗುತ್ತದೆ ನಿಜ, ಆದರೆ ಅದನ್ನು ಕೊಡುವವರು ತಾವಾಗಿ ಕೊಡಬೇಕು. ನನಗೆ ಸಲ್ಲಬೇಕಾದದ್ದು ಎಂದು ವಸೂಲಿಗೆ ನಿಂತರೆ ಅದು ಜಾಮೀನಿನ ಕಾಗದವಾಗಿಬಿಡುತ್ತದೆ. ಹಾಗೆಯೇ, ಹೆದರಿ ನಿಂತವಳಿಗೆ ಗಡ್ಡೆಯನ್ನು ಕೊರೆದು ಅಳತೆಪಟ್ಟಿ ಇಳಿಸಿ ತೋರಿಸಿದ್ದರೆ ಅವರ ಗೌರವ ಒಂದು ಅಂಗುಲವೂ ಕಡಿಮೆಯಾಗುತ್ತಿರಲಿಲ್ಲ. ಇದಕ್ಕೆ ನ್ಯೂಜೆರ್ಸಿಯವಳ ಉತ್ತರ ಬೇರೆ. "ಅಳತೆ ತೋರಿಸಿದ ಮೇಲೆ ಅದು ನಂಬಿಕೆ ಹೇಗಾಯ್ತು? ಲೆಕ್ಕ ಆಯ್ತು" ಎಂದಳು. ಆಗಲಿ, ಲೆಕ್ಕವೇ ಆಗಲಿ. ಆದರೆ ಅಳೆದ ತೂತಿನ ಜಾಗಕ್ಕೆ ಮಾತ್ರ ಆ ಲೆಕ್ಕ. ಎರಡು ತೂತುಗಳ ನಡುವಿನ ಹತ್ತು ಗಜವನ್ನು ನಂಬಿಯೇ ದಾಟಬೇಕು.

ಭಾನುವಾರ ಹೊರಡುವಾಗ ಯಜಮಾನರು ದಾವಣಗೆರೆಯವಳ ಚೀಲವನ್ನು ತಾವೇ ಕಾರಿಗೆ ಇಟ್ಟರು. ಅವಳು, "ಬೇಜಾರು ಮಾಡ್ಕೋಬೇಡಿ, ನಾನು ಸಹಿ ಹಾಕೋದು ಬಿಟ್ಟು ಎಂಟು ವರ್ಷ ಆಯ್ತು," ಎಂದಳು. ಅವರು ನಕ್ಕರು. ಪೂರ್ತಿ ನಕ್ಕರೋ ಇಲ್ಲವೋ ನಾನು ಹೇಳಲಾರೆ, ಕನ್ನಡಕದ ಮೇಲೆ ಆವಿ ಕಟ್ಟಿತ್ತು.

ಊರಿಗೆ ಬಂದ ಮೇಲೆ ಎಂಟನೆಯ ತರಗತಿಯವರಿಗೆ ಶೀತವಲಯದ ಪಾಠ ಮಾಡುವಾಗ ಇದನ್ನೆಲ್ಲ ಹೇಳಿದೆ. ಮೊದಲ ಬಾರಿಗೆ ನನ್ನ ಕಾಲೇ ಸಾಕ್ಷಿಯಾಗಿ ಇದ್ದದ್ದರಿಂದ ದನಿಯಲ್ಲಿ ಸ್ವಲ್ಪ ಜೋರಿತ್ತೆಂದೇ ಕಾಣುತ್ತದೆ. 16 ಅಂಗುಲವನ್ನು ಸ್ಕೇಲಿನಲ್ಲಿ ತೋರಿಸಿದೆ, ಹಾರೆ, ಮೊಳೆ, ಗುಡಿಸಲು, ತೂತಿನೊಳಗಿನ ಕಪ್ಪು ನೀರು, ಎಲ್ಲವನ್ನೂ ಹೇಳಿದೆ. ಫೋಟೋ ಇದೆಯಾ ಮಿಸ್ ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಮೊಬೈಲಿನಲ್ಲಿ ಇದ್ದ ಒಂದನ್ನು ತೋರಿಸಿದೆ. ನಾವು ನಾಲ್ವರೂ ಕೋಟು ಟೋಪಿ ಹಾಕಿಕೊಂಡು ನಿಂತಿರುವುದು, ಸುತ್ತ ಬರೀ ಬಿಳುಪು. ಅವಳು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಆಮೇಲೆ ಬಹಳ ವಿನಯದಿಂದ ಫೋನನ್ನು ನನ್ನ ಕೈಗೆ ಕೊಟ್ಟು ಹೇಳಿದಳು:

"ನೀರು ಎಲ್ಲಿ ಮಿಸ್? ಇದು ಬಯಲಲ್ವಾ?"